ಕಡೆಗಣ್ಣಿನ ಗೂಟ

ಮರಳುಗಾಡಿನ ಬಿಸಿಲಿಗೆ ಮೈ ಕಂದಿದರೂ ಮಾತು ಕಂದದವನು. ಆನೆಯ ತೂಕದ ಉಕ್ಕನ್ನು ಆಕಾಶಕ್ಕೆ ಏರಿಸುವ ಕೆಲಸದಲ್ಲಿದ್ದೂ ಇರುವೆಯ ಸಾಲು ಕಂಡರೆ ಬಳಸಿ ನಡೆಯುವವನು. ಕಟ್ಟಿದ ಗಂಟೂ ಕೊಟ್ಟ ಮಾತೂ ಒಂದೇ ಬಿಗಿಯಾಗಿರಬೇಕೆಂದು ಬಗೆದವನು. ಉಂಡ ಮನೆಯನ್ನು ಹೊಗಳಿ, ಉಣ್ಣದ ಮನೆಯನ್ನು ಹಳಿಯದವನು. ನೆರೆಯವನ ದೇವರಿಗೆ ತಲೆಬಾಗಿ ತನ್ನ ದೇವರನ್ನು ಎದೆಯ ಮೇಲೆ ಹೊತ್ತವನು. ನಗುವಾಗ ಜೊತೆಗೊಬ್ಬರನ್ನು ಕರೆಯುವವನು, ನೋಯುವಾಗ ಮಾತ್ರ ಯಾರನ್ನೂ ಕರೆಯದವನು. ಇಷ್ಟು ಗುಣಗಳು ಒಬ್ಬನಲ್ಲಿಯೇ ಕೂಡಿ, ದೋಹಾ ನಗರದ ಅಲ್ ಸದ್ದ್ ಬಡಾವಣೆಯ ಹಳೆಯದೊಂದು ಕಟ್ಟಡದ ಮೇಲಂತಸ್ತಿನಲ್ಲಿ ಬಹುಕಾಲ ಬಾಳಿದವು. ಆ ಗುಣಗಳು ನೆಲಸಿದ ಮೈಗೆ ಪಂಚಪ್ಪನೆಂದು ಹೆಸರು.

ಗುಳೇದಗುಡ್ಡದ ನೇಕಾರರ ಮನೆತನ ಅವನದು. ಅವನ ಹಿರಿಯರು ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದರು. ಹಾಸಿನ, ಎಂದರೆ ಉದ್ದಕ್ಕೆ ಹಾಯುವ, ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಹಗ್ಗದಿಂದ ಎಳೆದು, ನೇಯುವವನ ಬಲಮಗ್ಗುಲಿನ ಒಂದು ಚಿಕ್ಕ ಗೂಟಕ್ಕೆ ಬಿಗಿಯುವುದು ಆ ಮಗ್ಗದ ಕ್ರಮ. ಬಣ್ಣವೂ ಅಂಚೂ ಕಣ್ಣಿಗೆ ಬೀಳುತ್ತವೆ. ಗೂಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಒಂದು ಎಳೆಯಷ್ಟು ಜರುಗಿದರೂ ಇಡೀ ಹಾಸು ಜೋಲುಬಿದ್ದು ಅಂಚು ಸೊಟ್ಟಗಾಗುತ್ತದೆ. ಪಂಚಪ್ಪನು ಬಾಲ್ಯದಲ್ಲಿ ಕಲಿತ ಮೊದಲ ವಿದ್ಯೆ ಆ ಗೂಟಕ್ಕೆ ಹಗ್ಗ ಸುತ್ತುವುದು. ಮುಂದೆ ಅದೇ ಕೈಚಳಕವು ಅವನನ್ನು ಮುಂಬಯಿಯ ಬಂದರಿಗೂ ಅಲ್ಲಿಂದ ಕತಾರಿಗೂ ಕರೆದೊಯ್ದಿತು. ಕ್ರೇನು ಎತ್ತುವ ಭಾರಕ್ಕೆ ಹಗ್ಗ, ಸರಪಣಿ, ಕೊಕ್ಕೆಗಳನ್ನು ಬಿಗಿದು, ಅದು ವಾಲದಂತೆ ಏರಿಸಿ ಇಳಿಸುವವನನ್ನು ಅಲ್ಲಿ ರಿಗರ್ ಎನ್ನುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ ಉತ್ತರದ ಕಡಲಂಚಿನ ರಾಸ್ ಲಫ್ಫಾನಿನಲ್ಲಿ ಅನಿಲದ ಸ್ಥಾವರಗಳು ಏಳುತ್ತಿದ್ದ ದಿನಗಳಲ್ಲಿ ಪಂಚಪ್ಪನು ಒಂದು ಗುತ್ತಿಗೆ ಕಂಪನಿಯಲ್ಲಿ ಹಿರಿಯ ರಿಗರ್ ಆಗಿದ್ದನು.

ಮನೆಯಲ್ಲಿ ಹೆಂಡತಿ ದಾಕ್ಷಾಯಣಿ. ಇಂಗ್ಲಿಷ್ ಶಾಲೆಗೆ ಹೋಗುವ ಚಿಕ್ಕ ಮಗಳು ಚಂದ್ರಿಕಾ. ಕೆಳಗಿನ ಅಂತಸ್ತಿನಲ್ಲಿ ಉಳ್ಳಾಲದ ಕಡೆಯ ಇಸ್ಮಾಯಿಲ್ ಮತ್ತು ಅವನ ಮಡದಿ ಕುಲ್ಸುಂ. ಇಸ್ಮಾಯಿಲ್ ಪಂಚಪ್ಪನ ಕಂಪನಿಯ ಬಸ್ಸನ್ನೇ ನಡೆಸುತ್ತಿದ್ದನು. ಕುಲ್ಸುಂ ದೋಹಾದ ದೊಡ್ಡ ಆಸ್ಪತ್ರೆಯೊಂದರ ಶಸ್ತ್ರಕ್ರಿಯೆಯ ವಿಭಾಗದಲ್ಲಿ ದಾದಿ. ಮೇಲಿನ ಮನೆಯ ಜೋಳದ ರೊಟ್ಟಿ ಕೆಳಗಿಳಿಯುತ್ತಿತ್ತು, ಕೆಳಗಿನ ಮನೆಯ ಅಕ್ಕಿಯ ಪತ್ತಿರಿ ಮೇಲೇರುತ್ತಿತ್ತು.

ದಿನವೂ ಬೆಳಗಿನ ಬಸ್ಸು ಬರುವ ಮುನ್ನ ಪಂಚಪ್ಪನು ಮಿಂದು, ವಿಭೂತಿ ಧರಿಸಿ, ಕೊರಳ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡದ ಅಂಗೈಯಲ್ಲಿರಿಸಿ, ಎದೆಯ ಮಟ್ಟದಲ್ಲಿ ಹಿಡಿದು ಕುಳಿತುಕೊಳ್ಳುತ್ತಿದ್ದನು. ಕಣ್ಣು ಪೂರ್ತಿ ತೆರೆದಿರಲಾಗದು, ಪೂರ್ತಿ ಮುಚ್ಚಿರಲೂ ಆಗದು. ರೆಪ್ಪೆಗಳು ಅರ್ಧಕ್ಕೆ ಇಳಿದು ನಿಲ್ಲಬೇಕು. ಹಿಂದೆ ಇಟ್ಟ ದೀಪದ ಬೆಳಕು ಲಿಂಗದ ಕಪ್ಪು ಕಾಂತಿಯಲ್ಲಿ ಒಂದು ಬಿಂದುವಾಗಿ ಹೊಳೆಯುತ್ತದೆ. ಆ ಬಿಂದುವಿನಲ್ಲಿ ನೋಟವನ್ನು ನಿಲ್ಲಿಸಬೇಕು. ದೀಕ್ಷೆಯ ದಿನ ಗುರುಗಳು ಕಲಿಸಿದ ಈ ಕ್ರಮವನ್ನು ಅವನು ಮುಂಬಯಿಯ ಚಾಳಿನಲ್ಲಿಯೂ ಬಿಟ್ಟಿರಲಿಲ್ಲ, ಮೊದಲು ಬಂದಾಗ ಇದ್ದ ಕಾರ್ಮಿಕರ ಬಿಡಾರದಲ್ಲಿಯೂ ಬಿಟ್ಟಿರಲಿಲ್ಲ. ಗುಡಿಯಿಲ್ಲದ ನೆಲದಲ್ಲಿ ಅಂಗೈಯೇ ಗುಡಿಯಾದವನಿಗೆ ಯಾವ ಕೊರತೆಯೂ ತೋರಿರಲಿಲ್ಲ.

ಚಳಿಗಾಲದ ಒಂದು ಬೆಳಗು ಕಡಲಿನಿಂದ ದಟ್ಟವಾದ ಮಂಜು ಬಂದು ಬೀದಿಯನ್ನು ತುಂಬಿತ್ತು. ಇಸ್ಮಾಯಿಲ್ ಬೇಗನೆ ಬಸ್ಸು ತಂದು ಹಾರ್ನ್ ಬಾರಿಸಿದನು.

“ಯಲ್ಲಾ ಪಂಚಪ್ಪಣ್ಣಾ, ಬೇಗ ಬನ್ನಿ! ಮಂಜು ಉಂಟು ಮಾರ್ರೆ, ನಿಧಾನ ಹೋಗ್ಬೇಕು. ಲೇಟಾದ್ರೆ ಗೇಟ್ ಖಲಾಸ್!”

ಪಂಚಪ್ಪನ ನೋಟ ಇನ್ನೂ ಬಿಂದುವಿನಲ್ಲಿ ನಿಂತಿರಲಿಲ್ಲ. ಅರ್ಧ ಮನಸ್ಸು ಬೀದಿಗಿಳಿದಿತ್ತು. ಅವನು ಅವಸರದಿಂದ ಲಿಂಗವನ್ನು ಕರಡಿಗೆಗೆ ಸೇರಿಸಿ, ಶಿವದಾರವನ್ನು ಸರಿಪಡಿಸಿಕೊಳ್ಳುತ್ತಲೇ ಮೆಟ್ಟಿಲಿಳಿದನು. ಅದೇ ದಿನ ನಡುಹಗಲಲ್ಲಿ, ಕೊಳವೆಗಳ ಕಟ್ಟೊಂದನ್ನು ಇಳಿಸುತ್ತಿರುವಾಗ ಗಾಳಿ ತಿರುಗಿತು. ಹಗ್ಗದ ತುದಿಯ ಕಬ್ಬಿಣದ ಕೊಕ್ಕೆ ಬೀಸಿ ಬಂದು ಅವನ ಬಲಗೆನ್ನೆಯ ಮೂಳೆಗೆ, ಶಿರಸ್ತ್ರಾಣದ ಅಂಚಿನ ಕೆಳಗೆ, ಬಡಿಯಿತು. ಸ್ಥಾವರದ ಚಿಕಿತ್ಸಾಲಯದವರು ಚರ್ಮಕ್ಕೆ ಹೊಲಿಗೆ ಹಾಕಿ, ದೋಹಾಕ್ಕೆ ಹೋಗಿ ಮುಖದ ಎಕ್ಸ್-ರೇ ತೆಗೆಸೆಂದು ಹೇಳಿದರು. ಅವನು “ಮಾಫಿ ಮುಷ್ಕಿಲ್” ಎಂದು, ಅಂದರೆ ತೊಂದರೆಯೇನಿಲ್ಲವೆಂದು, ಕೈಯಾಡಿಸಿ ಮನೆಗೆ ಬಂದನು.

“ಯಾರ ಜೋಡಿ ಜಗಳಾ ಆಡಿ ಬಂದ್ರಿ?” ಎಂದಳು ಬಾಗಿಲು ತೆರೆದ ದಾಕ್ಷಾಯಣಿ.

“ಕಬ್ಬಣದ ಜೋಡಿ.”

“ಗೆದ್ದವರ್ಯಾರು?”

“ಮಾರಿ ನೋಡಿದ್ರ ತಿಳಿಯೂದುಲ್ಲೇನು?”

ಬಾವು ಬಂದು ಬಲಗಣ್ಣು ಪೂರ್ತಿ ಮುಚ್ಚಿಹೋಯಿತು. ಕೆನ್ನೆಯೂ ಮೇಲುತುಟಿಯೂ ಜೋಮು ಹಿಡಿದವು. ಕಂಪನಿ ರಜೆ ಕೊಟ್ಟಿತು. ಎಡಗಣ್ಣೊಂದರಿಂದಲೇ ಅವನು ಪೂಜೆಯನ್ನು ನಡೆಸಿದನು. ಕೆಲವು ದಿನಗಳಲ್ಲಿ ಬಾವು ಇಳಿದು, ಒಂದು ಬೆಳಗು ಬಲಗಣ್ಣಿನ ರೆಪ್ಪೆ ಬಿಚ್ಚಿಕೊಂಡಿತು. ಪಂಚಪ್ಪನು ಸಂತೋಷದಿಂದ ಮಿಂದು ಬಂದು, ಲಿಂಗವನ್ನು ಕರಸ್ಥಲದಲ್ಲಿರಿಸಿ, ನೋಟವನ್ನು ಇಳಿಸಿದನು.

ಅಂಗೈಯಲ್ಲಿ ಎರಡು ಲಿಂಗಗಳಿದ್ದವು.

ಒಂದರ ಮೇಲೊಂದು, ತುಸು ಓರೆಯಾಗಿ. ಎರಡರಲ್ಲಿಯೂ ಒಂದೊಂದು ಬೆಳಕಿನ ಬಿಂದು. ಅವನು ಕಣ್ಣುಜ್ಜಿಕೊಂಡನು; ಎರಡು. ದೀಪವನ್ನು ಸರಿಸಿದನು; ಎರಡು. ಎದುರಿನ ಗೋಡೆಯ ಗಡಿಯಾರವನ್ನು ನೋಡಿದನು, ಅದು ಒಂದೇ. ನೋಟವನ್ನು ಇಳಿಸಿದರೆ ಮಾತ್ರ ದೇವರು ಇಬ್ಬರಾಗುತ್ತಿದ್ದನು.

ದೇವನೊಬ್ಬನೇ ಎಂಬುದನ್ನು ಉಸಿರಿನ ಹಾಗೆ ನಂಬಿದ ಕುಲದಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಕಬ್ಬಿಣದ ಪೆಟ್ಟನ್ನು ಅವನು ಮರೆತೇಬಿಟ್ಟನು. ಅವನ ಬುದ್ಧಿಗೆ ಕಾರಣ ತತ್‌ಕ್ಷಣ ಹೊಳೆಯಿತು: ಮಂಜಿನ ಬೆಳಗು ತಾನು ಒಂದು ಮನಸ್ಸನ್ನು ಲಿಂಗದಲ್ಲಿಟ್ಟು ಇನ್ನೊಂದನ್ನು ಬಸ್ಸಿನಲ್ಲಿಟ್ಟೆನು, ಇಬ್ಬಗೆಯ ಮನಸ್ಸಿನವನಿಗೆ ಇಬ್ಬಗೆಯ ದರ್ಶನವೇ ತಕ್ಕುದು. ಅಂದಿನಿಂದ ಅವನು ಹಗಲು ಉಪವಾಸ ಹಿಡಿದನು, ಜಪವನ್ನು ಹೆಚ್ಚಿಸಿದನು, ಯಾರೊಡನೆಯೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಮೆಟ್ಟಿಲುಗಳೂ ಎರಡೆರಡಾಗಿ ಕಂಡದ್ದುಂಟು. ಆದರೆ ಲಿಂಗವೇ ಎರಡಾದ ಮೇಲೆ ಮೆಟ್ಟಿಲು ಎರಡಾಗುವುದೇನು ದೊಡ್ಡದೆಂದು ಅವನು ಗೋಡೆ ಹಿಡಿದು ಇಳಿದನು. ಭಕ್ತಿಯಲ್ಲಿ ಮುಳುಗಿದ ಬುದ್ಧಿಯು ಕಾರ್ಯವನ್ನು ಕಾರಣವೆಂದೂ ಕಾರಣವನ್ನು ಕಾರ್ಯವೆಂದೂ ಹೀಗೆ ಅದಲುಬದಲು ಮಾಡುವುದುಂಟು. ನಗಬಾರದು, ಅದು ಕಪಟವಿಲ್ಲದವರಿಗೆ ಮಾತ್ರ ಆಗುವ ತಪ್ಪು.

ಗುಟ್ಟನ್ನು ಮೊದಲು ಮುಟ್ಟಿದವಳು ಚಂದ್ರಿಕಾ. ಶಾಲೆಯಿಂದ ಬಂದು ತಂದೆಯ ಮಡಿಲಲ್ಲಿ ಕುಳಿತು ಮುಖವನ್ನೇ ನೋಡಿದಳು.

“ಅಪ್ಪಾ, ನಿನ್ನ ಈ ಐ ಕೆಳಗ ಸ್ಲಿಪ್ ಆಗೈತಿ.”

“ಹಂಗೆಲ್ಲ ಐ ಸ್ಲಿಪ್ ಆಗೂದುಲ್ಲವ್ವ.”

“ಆಗೈತಿ! ಈ ಕಾರ್ನರ್ ನೋಡು. ಇದು ಸ್ಯಾಡ್ ಐತಿ, ಅದು ಹ್ಯಾಪಿ ಐತಿ.”

ಅಡುಗೆಮನೆಯಿಂದ ದಾಕ್ಷಾಯಣಿ ಇದನ್ನು ಕೇಳಿದಳು. ಆ ಸಂಜೆ ಅವಳು ಬೇಕೆಂದೇ ಹೂಜಿಯನ್ನೂ ಲೋಟವನ್ನೂ ಗಂಡನ ಮುಂದೆ ನೆಲದ ಮೇಲಿಟ್ಟು, ನೀರು ಹಾಕಿಕೊಳ್ಳಿರೆಂದಳು. ಪಂಚಪ್ಪನು ಲೋಟದ ಪಕ್ಕದ ನೆಲಕ್ಕೆ ನೀರು ಸುರಿದನು.

“ಇದೇನು, ಭೂಮಿತಾಯಿಗೆ ನೀರಡಿಕಿ ಆಗಿತ್ತೇನ್ರಿ?” ಎಂದವಳು ಎದುರಿಗೆ ಕುಳಿತಳು. “ಈಗ ಹೇಳ್ರಿ. ಏನು ಮುಚ್ಚಿಟ್ಟೀರಿ?”

ಅವನು ತಲೆ ತಗ್ಗಿಸಿ ಹೇಳಿದನು: “ದಾಕ್ಷಾ, ನನ್ನ ಕೈಯಾಗ ಲಿಂಗಪ್ಪ ಎರಡಾಗ್ಯಾನ.”

ಅವಳು ಬೆಚ್ಚಿದಳು, ಆದರೆ ಬುದ್ಧಿ ಕೆಡಲಿಲ್ಲ. “ಒಂದ ಕಣ್ಣು ಮುಚ್ಚಿ ನೋಡಿದ್ರ?”

“ಒಂದ ಕಾಣತಾನ.”

“ಮತ್ತ? ಹಂಗ ನೋಡ್ರಲ್ಲ!”

“ಒಂದ ಕಣ್ಣು ಮುಚ್ಚಿ ದೇವರನ್ನ ನೋಡಾಕ ನಾನೇನು ಬಂದೂಕಲೇ ಗುರಿ ಹೊಡಿಯಾಂವೇನು?”

ದಾಕ್ಷಾಯಣಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಒಂದು ತಟ್ಟೆಯಲ್ಲಿ ರೊಟ್ಟಿಯೂ ಶೇಂಗಾ ಚಟ್ನಿಯೂ ಇಟ್ಟುಕೊಂಡು ಕೆಳಗಿಳಿದಳು. ಹಿಂದಿರುಗುವಾಗ ಅವಳ ಹಿಂದೆ ಕುಲ್ಸುಂ ಇದ್ದಳು, ಅವಳ ಹಿಂದೆ ಇಸ್ಮಾಯಿಲ್.

ಕುಲ್ಸುಂ ಪಂಚಪ್ಪನನ್ನು ಕಿಟಕಿಯ ಬಳಿ ಕೂರಿಸಿ, ಮುಖವನ್ನು ಬೆಳಕಿಗೆ ತಿರುಗಿಸಿ, ಎರಡು ಕಡೆಗಣ್ಣುಗಳ ಮಟ್ಟವನ್ನೂ ನೋಡಿದಳು. “ನಿಮ್ಮ ಬೆರಳು ಕೊಡಿ” ಎಂದು ಅವನ ಎಡಗೈ ಬೆರಳನ್ನು ಎಡಗಣ್ಣಿನ ಹೊರಕೊನೆಗೆ ತಂದಳು. “ಈ ಎಲುಬಿನ ಅಂಚು ಸಿಕ್ತಲ್ವಾ? ಅದರ ಸ್ವಲ್ಪ ಒಳಗೆ ಮೆಲ್ಲ ಒತ್ತಿ. ಎಂತಾದ್ರೂ ಸಿಗ್ತದಾ?”

“ಸಣ್ಣ ಗಂಟು ಇದ್ದಂಗ ಐತಿ. ಸಾಸವಿ ಕಾಳಿನಂಗ.”

“ಹಾಂ. ಈಗ ಈಚೆ ಬದಿ ನೋಡಿ.”

ಬಲಗಡೆ ಅದೇ ಮಟ್ಟದಲ್ಲಿ ಬೆರಳಿಗೆ ಏನೂ ಸಿಕ್ಕಲಿಲ್ಲ. ಅಂಚಿನಲ್ಲಿ ಒಂದು ಮೆಟ್ಟಿಲು ಬಿದ್ದಂತಿತ್ತು. ಮೂಳೆ ಅಲ್ಲಿ ತುಂಡಾಗಿ ಕೆಳಗೆ ಕೂತಿತ್ತು.

“ಎಲುಬು ಜಾರಿದೆ” ಎಂದಳು ಕುಲ್ಸುಂ. “ನಾಳೆಯೇ ಡಾಕ್ಟರಿಗೆ ತೋರಿಸುವ. ಇಷ್ಟು ದಿನ ಎಂತ ಮಾಡ್ತಾ ಇದ್ರಿ ಮಾರಾಯ್ರೆ?”

“ಉಪವಾಸ” ಎಂದಳು ದಾಕ್ಷಾಯಣಿ, ಮತ್ತು ಉಳಿದ ಕತೆಯನ್ನೂ ಹೇಳಿಬಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಇಸ್ಮಾಯಿಲ್ ಎರಡು ಕೈಯನ್ನೂ ಮೇಲೆತ್ತಿದನು. “ಯಾ ಅಲ್ಲಾ! ಅಂದ್ರೆ ನನ್ನ ಹಾರ್ನಿಗೆ ನಿಮ್ಮ ದೇವರು ಎರಡಾದ್ದಾ? ಎಂತ ಪಂಚಪ್ಪಣ್ಣ ಇದು! ನಮಾಜಿಗೆ ದಾರಿಯಲ್ಲಿ ನಾನು ಬಸ್ ನಿಲ್ಲಿಸುವಾಗ ನೀವು ಕೂತು ಕಾಯುದಿಲ್ವಾ? ಒಂದು ಮಾತು ‘ನಿಲ್ಲು’ ಅಂತ ಹೇಳಿದ್ರೆ ನಾನು ನಿಲ್ತಿರ್ಲಿಲ್ವಾ?”



ಆಸ್ಪತ್ರೆಯಲ್ಲಿ ಅವನ ಮುಖದ ಪದರಪದರದ ಸ್ಕ್ಯಾನ್ ಚಿತ್ರಗಳನ್ನು ತೆಗೆದರು. ಶಸ್ತ್ರವೈದ್ಯರು ಸೂಡಾನಿನವರು, ಎತ್ತರದ ನಿಲುವು, ಮೆಲ್ಲನೆಯ ಮಾತು. ಅವರು ಮೇಜಿನ ಮೇಲಿದ್ದ ತಲೆಬುರುಡೆಯ ಮಾದರಿಯನ್ನು ಕೈಗೆತ್ತಿಕೊಂಡು ವಿವರಿಸಿದರು. ಕುಲ್ಸುಂ ಅದನ್ನು ಕನ್ನಡಕ್ಕೆ ತಂದಳು. ಅವರು ಹೇಳಿದ್ದರ ಸಾರವನ್ನು ಇಲ್ಲಿ ಬರೆಯುವುದು ಉಚಿತ. ಮನುಷ್ಯದೇಹದ ಇಂಥ ಎಡೆಗಳ ಮೇಲೆ ಗ್ರಂಥಗಳು ಕಡಮೆ, ಆಶ್ಚರ್ಯ ಹೆಚ್ಚು.

ಕಣ್ಣಿನ ಗುಣಿಯ ಹೊರಗೋಡೆಯ ಮುಂಭಾಗವು ಕೆನ್ನೆಯ ಮೂಳೆಯಿಂದಾದುದು. ಆ ಗೋಡೆಯಲ್ಲಿ, ಅಂಚಿನಿಂದ ತುಸುವೇ ಒಳಗೆ, ಹುಬ್ಬಿನ ಮೂಳೆಯೂ ಕೆನ್ನೆಯ ಮೂಳೆಯೂ ಕೂಡುವ ಬೆಸುಗೆಯಿಂದ ಒಂದು ಬೆರಳಗಲದಷ್ಟು ಕೆಳಗೆ, ಒಂದು ಚಿಕ್ಕ ಗುಬುಟು ಇದೆ. ಕೆಲವರಲ್ಲಿ ಅದು ಜೋಳದ ಕಾಳಿನ ಅರ್ಧದಷ್ಟು. ಕೆಲವರಲ್ಲಿ ಬೆರಳಿಗೆ ಮಾತ್ರ ಗೊತ್ತಾಗುವ ಒರಟು. ತೊಳೆದಿಟ್ಟ ಬುರುಡೆಯನ್ನು ನೋಡುವವನು ಅದನ್ನು ಕೆತ್ತನೆಯ ದೋಷವೆಂದು ತಿಳಿದು ದಾಟಿಹೋದಾನು. ಆದರೆ ಆ ಗುಬುಟಿಗೆ ಕಟ್ಟಿರುವ ಕಟ್ಟುಗಳನ್ನು ನೋಡಬೇಕು. ಎರಡು ರೆಪ್ಪೆಗಳನ್ನೂ ಕೂಡಿಸಿ ಕಡೆಗಣ್ಣನ್ನು ಮೂಳೆಗೆ ಬಿಗಿಯುವ ನಾರು ಅಲ್ಲಿಯೇ ಕಟ್ಟಿದೆ. ಮೇಲುರೆಪ್ಪೆಯನ್ನು ಎತ್ತುವ ಸ್ನಾಯುವಿನ ಹೊರಸೆರಗು ಅಲ್ಲಿಯೇ ಕಟ್ಟಿದೆ. ಕಣ್ಣನ್ನು ಹೊರಗಡೆಗೆ ತಿರುಗಿಸುವ ಸ್ನಾಯು ಮಿತಿಮೀರದಂತೆ ಹಿಡಿಯುವ ಕಡಿವಾಣವೂ ಅಲ್ಲಿಯೇ. ಕಣ್ಣಗುಡ್ಡೆಯನ್ನು ತೊಟ್ಟಿಲಿನ ಹಾಗೆ ಕೆಳಗಿನಿಂದ ಹೊತ್ತ ಜೋಲಿಯೊಂದಿದೆ. ಅದರ ಹೊರತುದಿಯೂ ಅಲ್ಲಿಯೇ ತೂಗಿದೆ. ನಾಲ್ಕು ಹಗ್ಗಗಳು, ಒಂದು ಗೂಟ. ಪಾಶ್ಚಾತ್ಯರು ಅದನ್ನು ಮೊದಲು ವಿಸ್ತಾರವಾಗಿ ವರ್ಣಿಸಿದ ಪಂಡಿತನ ಹೆಸರಿನಿಂದ ಕರೆಯುತ್ತಾರಂತೆ. ನಮ್ಮ ಆಡುಮಾತಿನಲ್ಲಿ ಅದಕ್ಕೆ ಹೆಸರೇ ಇಲ್ಲ. ಅರೆತೆರೆದ ಕಣ್ಣಿನಿಂದ ನೋಡೆಂದು ಹಿರಿಯರು ವಿಧಿಸಿದರಷ್ಟೆ? ಆ ಅರೆರೆಪ್ಪೆಯೂ ಆ ನೆಟ್ಟ ನೋಟವೂ ಹೆಸರಿಲ್ಲದ ಈ ಕಾಳಿನ ಮೇಲೆ ತೂಗಿವೆಯೆಂಬುದನ್ನು ನೆನೆದರೆ, ಮಾಡಿದವನ ಕೈಗೆ ಮನಸ್ಸು ತಾನಾಗಿ ಮಣಿಯುತ್ತದೆ.

ಪಂಚಪ್ಪನಲ್ಲಿ ಕೆನ್ನೆಯ ಮೂಳೆ ತುಂಡಾಗಿ ಕೆಳಕ್ಕೆ ಜಾರಿದಾಗ ಗುಬುಟೂ ಅದರೊಡನೆ ಜಾರಿತ್ತು. ಅದಕ್ಕೆ ತೂಗಿದ ಕಡೆಗಣ್ಣೂ ಜೋಲಿಯೂ ಜಾರಿ, ಬಲಗಣ್ಣು ಎಡಗಣ್ಣಿನ ಮಟ್ಟದಿಂದ ಇಳಿದಿತ್ತು. ಎದುರಿಗೆ ನೋಡುವಾಗ ಎರಡು ಕಣ್ಣೂ ಹೇಗೋ ಹೊಂದಿಕೊಳ್ಳುತ್ತಿದ್ದವು. ಕೆಳಗೆ ನೋಡುವಾಗ ಒಂದೊಂದು ಒಂದೊಂದನ್ನು ತೋರುತ್ತಿತ್ತು.

“ಹಗ್ಗ ಹರಿದಿಲ್ಲವಂತೆ” ಎಂದಳು ಕುಲ್ಸುಂ, ವೈದ್ಯರ ಮಾತನ್ನು ಕೇಳಿ. “ಗೂಟ ಮಾತ್ರ ಜಾರಿದ್ದು. ಎಲುಬನ್ನು ಮೇಲೆತ್ತಿ ಅದರ ಜಾಗದಲ್ಲಿ ಕೂರಿಸಿ ಸಣ್ಣ ಪಟ್ಟಿ ಹಾಕಿದ್ರೆ ಎಲ್ಲ ಒಟ್ಟಿಗೆ ಮೇಲೆ ಬರ್ತದೆ. ಆದ್ರೆ ಬೇಗ ಆಗ್ಬೇಕು. ಈ ವಾರ ದಾಟಿದ್ರೆ ಎಲುಬು ತಪ್ಪು ಜಾಗದಲ್ಲೇ ಅಂಟ್ಲಿಕ್ಕೆ ಸುರು ಆಗ್ತದೆ.”

ಪಂಚಪ್ಪನ ಮುಖ ಬೆಳಗಿತು. ಹಗ್ಗವೂ ಗೂಟವೂ ಅವನ ಭಾಷೆ. “ಹರಿದಿಲ್ಲ ಅಂದ್ರ ಎತ್ತಬಹುದು. ನಾಳೆನ ಎತ್ತರಿ” ಎಂದನು.

ಆದರೆ ಶಸ್ತ್ರಕ್ರಿಯೆಯ ನಿಯಮಗಳನ್ನು ಓದಿಹೇಳುವಾಗ ಇನ್ನೊಬ್ಬ ದಾದಿಯು, ಕೊರಳಲ್ಲಿ, ಕೈಯಲ್ಲಿ, ಮೈಮೇಲೆ ಇರುವುದನ್ನೆಲ್ಲ ತೆಗೆದು ಮನೆಯವರಿಗೆ ಒಪ್ಪಿಸಬೇಕೆಂದಳು. ಪಂಚಪ್ಪನ ಕೈ ಎದೆಯ ಕರಡಿಗೆಯ ಮೇಲೆ ಹೋಯಿತು.

“ಇದನ್ನ ತಗಿಯೂದುಲ್ಲ.”

“ಎಲ್ಲರೂ ತೆಗೆಯಬೇಕು. ಇದು ರೂಲು.”

“ಹಂಗಾರ ಆಪರೇಶನ್ನ ಬ್ಯಾಡ.”

ಅವನು ಎದ್ದು ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಳಿತನು. ದಾಕ್ಷಾಯಣಿ ಹಿಂದೆಯೇ ಬಂದಳು. ದೀಕ್ಷೆಯಾದಂದಿನಿಂದ ಲಿಂಗವು ಮೈಯನ್ನು ಅಗಲಬಾರದು. ಅಗಲಿದರೆ ಆ ಬಾಳು ಬಾಳಲ್ಲ. ಇದನ್ನು ಅವಳಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ಅವಳ ಕೊರಳಲ್ಲಿಯೂ ಲಿಂಗವಿತ್ತು. ಆದರೂ ಅವಳು ವಾದಿಸಿದಳು.

“ಒಂದು ತಾಸಿನ ಮಾತೈತ್ರಿ. ನಾ ಎದಿಗೆ ಅಪ್ಪಿಕೊಂಡು ಹೊರಗ ಕುಂದರತೀನಿ.”

“ಒಬ್ಬರ ಲಿಂಗ ಒಬ್ಬರು ಹಿಡಿಯೂದುಲ್ಲ. ನಿನಗ ಗೊತ್ತೈತಿ.”

“ಮತ್ತ ಜನ್ಮ ಪೂರ್ತಿ ಎರಡ ನೋಡಿಕೋತ ಇರತೀರೇನು?”

“ಲಿಂಗ ಬಿಟ್ಟು ಕಣ್ಣು ಸರಿ ಮಾಡಿಸಿಕೊಂಡ್ರ, ಆ ಕಣ್ಣಲೇ ನಾ ಯಾವ ಮಾರಿಲೇ ಅವನ್ನ ನೋಡಲಿ?”

ಇತ್ತ ಕಣ್ಣು ಸರಿಹೋಗದಿದ್ದರೆ ಒಬ್ಬ ದೇವನ ದರ್ಶನ ಎಂದೆಂದಿಗೂ ಇಲ್ಲ. ಅತ್ತ ಸರಿಪಡಿಸಿಕೊಳ್ಳಹೋದರೆ ಆ ದೇವನನ್ನೇ ಅಗಲಬೇಕು. ಮೂಳೆಯಾದರೋ ಯಾರಿಗೂ ಕಾಯದೆ ತನ್ನ ತಪ್ಪು ಜಾಗದಲ್ಲಿ ಬೇರೂರುವ ಸಿದ್ಧತೆಯಲ್ಲಿತ್ತು.

ಕುಲ್ಸುಂ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಬುದ್ಧಿವಾದವನ್ನೇನೂ ಹೇಳಲಿಲ್ಲ. “ಪಂಚಪ್ಪಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅದು ಕೊರಳಲ್ಲೇ ಇರ್ಬೇಕಾ, ಅಥವಾ ಮೈಯಲ್ಲಿ ಎಲ್ಲಿದ್ರೂ ಆಗ್ತದಾ?”

“ಮೈ ಬಿಡಬಾರದು. ಅದರ ಖರೇ ಜಾಗಾ ಅಂಗೈನ.”

“ಬೆಳ್ಳಿ ಡಬ್ಬಿ ಬೇಕೇ ಬೇಕಾ?”

“ಕರಡಿಗಿ ಬರೇ ಮನಿ. ಲಿಂಗ ಒಳಗಿಂದು. ಅದರಾಗ ಲೋಹ ಇಲ್ಲ. ಕಲ್ಲು, ಮ್ಯಾಲ ಕಪ್ಪು ಕಾಂತಿ ಲೇಪ.”

ಕುಲ್ಸುಂ ಎದ್ದು ಒಳಗೆ ಹೋದಳು. ಶಸ್ತ್ರವೈದ್ಯರು ಅವಳ ಮಾತನ್ನೆಲ್ಲ ಕೇಳಿ, ಹೊರಗೆ ಬಂದು, ಪಂಚಪ್ಪನ ಎಡಗೈಯನ್ನು ಹಿಡಿದು ತಿರುಗಿಸಿ ನೋಡಿದರು. ಅರಬ್ಬಿಯಲ್ಲಿ ಏನೋ ಹೇಳಿ ನಕ್ಕರು.

“ಡಾಕ್ಟರ್ ಹೇಳ್ತಾರೆ,” ಎಂದಳು ಕುಲ್ಸುಂ, “ನನ್ನ ಕೆಲಸ ಇವರ ಮುಖದಲ್ಲಿ. ಅರಿವಳಿಕೆ ಕೊಡುವವರಿಗೆ ಬಲಗೈ ಸಾಕು. ಈ ಎಡಗೈ ನಮಗೆ ಯಾರಿಗೂ ಬೇಡ. ಯಾರದ್ದೋ ಅವರಿಗೆ ಬಿಡುವ, ಅಂತ.”

ಮರುದಿನ ಬೆಳಗ್ಗೆ ಪಂಚಪ್ಪನು ಶಸ್ತ್ರಕೋಣೆಯ ಹೊರಗೆ ತಾನೇ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿರಿಸಿ, ಬೆರಳುಗಳನ್ನು ಮಡಿಚಿದನು. ಬರಿದಾದ ಬೆಳ್ಳಿಯನ್ನು ದಾಕ್ಷಾಯಣಿ ಸೆರಗಿಗೆ ಕಟ್ಟಿಕೊಂಡಳು. ಕುಲ್ಸುಂ ಶುದ್ಧೀಕರಿಸಿದ ಬಟ್ಟೆಯ ಸುರುಳಿಯನ್ನು ಬಿಚ್ಚಿ, ಆ ಮುಷ್ಟಿಯ ಸುತ್ತ ಹೊರಗಿನಿಂದಲೇ ಸುತ್ತತೊಡಗಿದಳು. ಲಿಂಗವನ್ನು ಅವಳು ಮುಟ್ಟಲಿಲ್ಲ, ನೋಡಲೂ ಇಲ್ಲ. ಮುಖವನ್ನು ಅತ್ತ ತಿರುಗಿಸಿಯೇ ಸುತ್ತಿದಳು. ರಕ್ತ ಸಂಚರಿಸುವುದು ಕಾಣುವಂತೆ ಉಗುರುಗಳನ್ನು ಮಾತ್ರ ಹೊರಗೆ ಬಿಟ್ಟಳು. ಮುಗಿದ ಮೇಲೆ ಪಂಚಪ್ಪನು ಬಲಗೈ ಬೆರಳಿನಿಂದ ಕಟ್ಟನ್ನು ಎಳೆದು ಪರೀಕ್ಷಿಸಿದನು.

“ಗಂಟು ಛಲೋ ಬಿದ್ದೈತವ್ವ” ಎಂದನು. “ನಮ್ಮ ಸೈಟಿಗೆ ಬಂದ್ರ ರಿಗರ್ ಕೆಲಸ ಕೊಡಸ್ತೀನಿ.”

“ಬೇಡಪ್ಪ. ಆ ಬಸ್ಸಿನ ಹಾರ್ನ್ ಮನೆಯಲ್ಲೇ ಕೇಳಿ ಸಾಕಾಗಿದೆ.”

ಮದ್ದಿನಿಂದ ಮೈಮರೆತವನ ಮುಷ್ಟಿ ತಾನಾಗಿ ಸಡಿಲುತ್ತದೆ. ಅದು ಸಡಿಲಿದಾಗ ಬಟ್ಟೆ ಹಿಡಿದಿತ್ತು. ಹುಬ್ಬಿನ ಕೊನೆಯಲ್ಲಿ, ಕೆಳರೆಪ್ಪೆಯ ಅಡಿಯಲ್ಲಿ, ಮೇಲುತುಟಿಯ ಒಳಮಗ್ಗುಲಲ್ಲಿ ಚಿಕ್ಕ ಚಿಕ್ಕ ದಾರಿಗಳನ್ನು ಮಾಡಿ, ವೈದ್ಯರು ಜಾರಿದ ಮೂಳೆಯನ್ನು ಮೆಲ್ಲನೆ ಎತ್ತಿ, ಅದರ ಮೊದಲಿನ ನೆಲೆಯಲ್ಲಿ ಕೂರಿಸಿದರು. ಗುಬುಟು ಎಡಗಡೆಯ ಗುಬುಟಿನ ಮಟ್ಟಕ್ಕೆ ಏರಿತೆಂಬುದನ್ನು ಖಚಿತಪಡಿಸಿಕೊಂಡು ಸಣ್ಣ ಪಟ್ಟಿಗಳಿಂದ ಬಂಧಿಸಿದರು. ಆ ಹೊತ್ತೆಲ್ಲ ಕುಲ್ಸುಂ ವೈದ್ಯರಿಗೆ ಉಪಕರಣಗಳನ್ನು ಒದಗಿಸುತ್ತ, ಬಿಡುವಾದಾಗಲೊಮ್ಮೆ ಆ ಎಡಗೈಯ ಉಗುರುಗಳ ಬಣ್ಣವನ್ನು ನೋಡುತ್ತಿದ್ದಳು.

ಎಚ್ಚರಗೊಂಡಾಗ ಪಂಚಪ್ಪನ ಮೊದಲ ಚಲನೆ ಎಡಗೈಯದಾಗಿತ್ತು. ಕಟ್ಟು ಕಟ್ಟಿದ ಹಾಗೆಯೇ ಇತ್ತು. ಅವನು ಮತ್ತೆ ನಿದ್ರೆಹೋದನು.

ಆಮೇಲಿನದು ಕಾಯುವ ಕಾಲ. ಮುಖ ಮತ್ತೆ ಊದಿತು. ಬಲಗಣ್ಣು ಮತ್ತೆ ಮುಚ್ಚಿತು. ಈ ಸಲ ಅವನು ಉಪವಾಸ ಮಾಡಲಿಲ್ಲ. ಮಾಡಗೊಡಲು ದಾಕ್ಷಾಯಣಿಯೂ ಸಿದ್ಧಳಿರಲಿಲ್ಲ. ಜೋಳದ ಗಂಜಿಯ ಬಟ್ಟಲನ್ನು ಹಿಡಿದು, “ನಿಮ್ಮ ಭಕ್ತಿ ಹರಿದಿದ್ದಿಲ್ರಿ, ಗೂಟ ಸರದಿತ್ತು, ಕುಡೀರಿ” ಎಂದು ಕುಡಿಸುತ್ತಿದ್ದಳು. ಚಂದ್ರಿಕಾ ದಿನವೂ ಬಂದು ಪರೀಕ್ಷಿಸಿ ತೀರ್ಪು ಕೊಡುತ್ತಿದ್ದಳು: “ಇವತ್ತೂ ಐ ಕ್ಲೋಸ್ ಐತಿ. ಶಾಪ್ ಓಪನ್ ಆಗಿಲ್ಲ.”

ಕಣ್ಣು ತೆರೆದ ಬೆಳಗು ಪಂಚಪ್ಪನು ಮಿಂದು ಬಂದು ಕುಳಿತನು. ಲಿಂಗವನ್ನು ಅಂಗೈಯಲ್ಲಿಟ್ಟನು. ಆದರೆ ನೋಟವನ್ನು ಇಳಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತನು. ಕೊನೆಗೆ ಇಳಿಸಿದನು. ಎರಡು. ಮೊದಲಿನಷ್ಟು ದೂರವಿಲ್ಲ, ಒಂದರ ಅಂಚು ಇನ್ನೊಂದರ ಅಂಚನ್ನು ಮುಟ್ಟಿತ್ತು, ಆದರೆ ಎರಡು. ಪೂಜೆಯನ್ನು ಮುಗಿಸಿ ಎದ್ದವನ ಮುಖವನ್ನು ನೋಡಿ ದಾಕ್ಷಾಯಣಿ ಕೆಳಗಿನ ಮನೆಗೆ ಸುದ್ದಿ ಮುಟ್ಟಿಸಿದಳು.

ಸಂಜೆ ಕುಲ್ಸುಂ ಅವನನ್ನು ಗದರಿಸಿದಳು. “ಗೂಟ ಮೇಲೆ ಬಂದ ಕೂಡ್ಲೆ ಹಗ್ಗ ಎಲ್ಲ ಸರಿ ಆಗ್ತದಾ? ಊದಿದ್ದು ಇಳೀಬೇಡ್ವಾ? ಸ್ನಾಯು ಕಲೀಬೇಡ್ವಾ? ನೀವೇ ಹೇಳಿ, ಭಾರ ಎತ್ತಿದ ಕೂಡ್ಲೆ ಅದು ಅಲ್ಲಾಡದೆ ನಿಲ್ತದಾ?”

“ಇಲ್ಲ” ಎಂದನು ಪಂಚಪ್ಪ. “ತೂಗತೈತಿ. ತೂಗಿ ತೂಗಿ ನಿಲ್ಲತೈತಿ.”

“ಅಷ್ಟೇ. ಖಲಾಸ್.”

ಅವನು ದಿನವೂ ಕುಳಿತನು. ಎರಡು ಬಿಂದುಗಳು ದಿನದಿನಕ್ಕೆ ಹತ್ತಿರವಾದವು. ಕೆಲವು ದಿನ ಹಟಹಿಡಿದು ದೂರವೂ ನಿಂತವು. ಅವನು ಅವಸರಪಡಲಿಲ್ಲ. ಕೆಲಸಕ್ಕೆ ಮತ್ತೆ ಸೇರಬೇಕಾದ ವಾರ ಬಂದಿತು. ಅಂದು ಕೂಡ ಕಡಲಿನ ಮಂಜು ಬೀದಿಗೆ ಇಳಿದಿತ್ತು. ಕೆಳಗೆ ಬಸ್ಸು ಬಂದು ನಿಂತ ಸದ್ದಾಯಿತು. ಹಾರ್ನ್ ಕೇಳಲಿಲ್ಲ. ಇಸ್ಮಾಯಿಲ್ ಎಂಜಿನನ್ನು ನಿಲ್ಲಿಸಿ, ಬಸ್ಸಿನೊಳಗಿಂದ “ಎಂತ ಕಾಯ್ತಾ ಉಂಟು?” ಎಂದು ಕೂಗಿದವರಿಗೆ, “ಸುಮ್ಮನೆ ಕೂತ್ಕೊಳ್ಳಿ ಮಾರ್ರೆ, ಮೇಲೆ ಒಬ್ಬರು ಲೋಡ್ ಇಳಿಸ್ತಾ ಇದ್ದಾರೆ” ಎಂದು ಉತ್ತರಿಸಿದ್ದು ಕಿಟಕಿಯವರೆಗೆ ಕೇಳಿತು.

ಪಂಚಪ್ಪನ ತುಟಿಯಲ್ಲಿ ನಗು ಸುಳಿಯಿತು. ಮನಸ್ಸು ಎಲ್ಲಿಗೂ ಇಳಿದುಹೋಗಲಿಲ್ಲ. ರೆಪ್ಪೆಗಳು ಅರ್ಧಕ್ಕೆ ಇಳಿದು ನಿಂತವು. ಅಂಗೈಯ ಕಪ್ಪಿನಲ್ಲಿ ಎರಡು ಬೆಳಕುಗಳು ಒಂದರತ್ತ ಒಂದು ಸರಿದವು, ತೂಗಿದವು, ಇನ್ನೊಮ್ಮೆ ಬೇರೆಯಾದವು. ಆಮೇಲೆ, ಸರಿಯಾಗಿ ಇಳಿಸಿದ ಭಾರವು ತನ್ನ ಪೀಠದ ಮೇಲೆ ಸದ್ದಿಲ್ಲದೆ ಕೂರುವ ಹಾಗೆ, ಒಂದಾಗಿ ಕುಳಿತವು. ಅವನು ಕಾದು ನೋಡಿದನು. ಅದು ಒಂದಾಗಿಯೇ ಇತ್ತು.

ಬಾಗಿಲ ಮರೆಯಲ್ಲಿ ನಿಂತಿದ್ದ ದಾಕ್ಷಾಯಣಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಾಗಿದ ಬಗೆಯಿಂದಲೇ ಅವಳಿಗೆ ಎಲ್ಲವೂ ತಿಳಿಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬುತ್ತಿ ಕಟ್ಟಲು ಒಳಗೆ ಹೋದಳು.

ಪಂಚಪ್ಪನು ಅನಂತರವೂ ಬಹುಕಾಲ ರಾಸ್ ಲಫ್ಫಾನಿನಲ್ಲಿ ದುಡಿದನು. ಬಲಹುಬ್ಬಿನ ಕೊನೆಯಲ್ಲಿ ಒಂದು ತೆಳುಗೆರೆ ಉಳಿಯಿತು. ಬಲಗಡೆಯ ಕಡೆಗಣ್ಣು ಎಡದ್ದಕ್ಕಿಂತ ಕೂದಲೆಳೆಯಷ್ಟು ಮೇಲಿದೆಯೆಂದು ದಾಕ್ಷಾಯಣಿ ಕೊನೆಯವರೆಗೂ ಸಾಧಿಸಿದಳು. “ಡಾಕ್ಟರು ಒಂಚೂರು ಜಾಸ್ತಿನ ಎತ್ತ್ಯಾರ” ಎಂದು ಅತಿಥಿಗಳಿಗೆಲ್ಲ ತೋರಿಸುತ್ತಿದ್ದಳು. ಹೊಸದಾಗಿ ಬಂದ ಕೆಲಸಗಾರರಿಗೆ ಪಾಠ ಹೇಳುವಾಗ ಅವನು ಭಾರವನ್ನು ಕೊನೆಗೆ ತೋರಿಸುತ್ತಿದ್ದನು, ಗೂಟವನ್ನು ಮೊದಲು. ಮೈಗೆ ಪೆಟ್ಟಾದವರು ಮುಚ್ಚಿಟ್ಟುಕೊಂಡರೆ, ಶಾಂತಸ್ವಭಾವದವನಾದರೂ, ಬಯ್ಯುತ್ತಿದ್ದನು.

ಅಂಗೈಯ ದೇವನು ಒಬ್ಬನಾಗಿಯೇ ಅವನಿಗೆ ಕಾಣಲಿ. ಅವನು ಬಿಗಿದ ಗಂಟು ಎಲ್ಲಿದ್ದರೂ ನಿಲ್ಲಲಿ, ಅವನು ಎತ್ತಿದ ಭಾರ ಯಾರ ಮೇಲೂ ಬೀಳದಿರಲಿ. ದಾಕ್ಷಾಯಣಿಯ ಹಂಚು ಆರದಿರಲಿ, ಅವಳ ನಗು ಅಳುವಿಗಿಂತ ಒಂದು ಹೆಜ್ಜೆ ಮುಂದಿರಲಿ. ಚಂದ್ರಿಕಾಳ ಎರಡು ಕಣ್ಣೂ ಅವಳು ಹೇಳುವ ಹಾಗೆ ಹ್ಯಾಪಿಯಾಗಿಯೇ ಇರಲಿ. ಆ ಮನೆಯ ಮೆಟ್ಟಿಲನ್ನು ಹತ್ತಿಬಂದ ಕೆಳಮನೆಯವರ ಕಾಲಿಗೂ ಮುಳ್ಳು ಚುಚ್ಚದಿರಲಿ. ಕಾಳಿನಷ್ಟು ಮೂಳೆಯ ಮೇಲೆ ನೋಟವನ್ನು ತೂಗಿಸಿದ ಕರುಣಾಳುವು, ಕಾಣದ ಯಾವುದೋ ಗೂಟದ ಮೇಲೆ ಈ ಮನೆತನವನ್ನೂ ಜಾರದಂತೆ ತೂಗಿಸಿ ಕಾಯಲಿ.